ಆ ಊರಲ್ಲಿ ಕಕ್ಕಸು ತೊಳೆಯೋರು ಯಾರು?



ಪೋಸ್ಟ್ ಉದ್ದ ಇದೆ, ಭಾನುವಾರದ ಬಿಡುವಲ್ಲಿ ಓದಿಕೊಳ್ಳಿ. ನಮ್ಮ ಹುಡುಗರು ಒಂದಷ್ಟು ಜನ ಕೆಲವು ವಾರದಿಂದ ಒಂದು ಪ್ರಶ್ನೆ ಹಿಡ್ಕೊಂಡಿದ್ದಾರೆ. "ಅಣ್ಣ, ನಾವು ಬರೀ ಅದು ಬೇಡ ಇದು ಬೇಡ ಅಂತ ಧಿಕ್ಕಾರ ಕೂಗೋದೇ ಆಯ್ತು. ನಮಗೆ ಬೇಕಾಗಿರೋ ಸಮಾಜ ಹೆಂಗಿರುತ್ತೆ ಅಂತ ಯಾರಾದ್ರೂ ಕೇಳಿದ್ರೆ ತಡವರಿಸ್ತೀವಿ. ಗಾಂಧಿವಾದಿಗಳ ಹತ್ರ ಗ್ರಾಮ ಸ್ವರಾಜ್ಯ ಇದೆ, ಅವರ ಹತ್ರ ರಾಮರಾಜ್ಯ ಇದೆ, ಕಾಮ್ರೇಡುಗಳ ಹತ್ರ ಅವರದ್ದೊಂದು ಚಿತ್ರ ಇದೆ. ನಮ್ಮ ಹತ್ರ ಏನಿದೆ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಹತ್ರ ಏನೂ ಇಲ್ಲ ಅನ್ನೋದು ಸುಳ್ಳು. ನಮ್ಮ ಹತ್ರ ಇರೋದನ್ನ ಸಿಲಬಸ್ಸಿಗೆ ಹಾಕಿಲ್ಲ, ಅಷ್ಟೇ.

ನಾನು ಬಿ.ಎ. ಓದುವಾಗ ರಾಜ್ಯಶಾಸ್ತ್ರದಲ್ಲಿ ಪ್ಲೇಟೋನ ಆದರ್ಶ ರಾಜ್ಯ ಅಂತ ಒಂದು ಪ್ರಶ್ನೆ ಗ್ಯಾರಂಟಿ ಬರ್ತಿತ್ತು. ನೋಟ್ಸ್ ಬಾಯಿಪಾಠ ಮಾಡಿ ನಾಲ್ಕು ಪುಟ ಬರೆದಿದ್ದೆ. ಜನರ ಹುಟ್ಟಲ್ಲೇ ದೇವರು ಲೋಹ ಬೆರೆಸಿರ್ತಾನೆ. ಚಿನ್ನ ಬೆರೆತವರು ಆಳಬೇಕು, ಬೆಳ್ಳಿಯವರು ಕಾವಲು ಕಾಯಬೇಕು, ಕಬ್ಬಿಣ ಹಿತ್ತಾಳೆಯವರು ಉಳುಮೆ, ಕುಶಲಕಸುಬು ಮಾಡ್ಕೊಂಡಿರಬೇಕು. ಇದನ್ನ ಓದುವಾಗ ಎಲ್ಲೋ ಕೇಳಿದಂಗಿದೆಯಲ್ಲ ಅನ್ನಿಸಿದ್ರೂ ಮೇಷ್ಟ್ರನ್ನ ಕೇಳೋ ಧೈರ್ಯ ಇರಲಿಲ್ಲ. ಆಮೇಲೆ ಬಾಬಾಸಾಹೇಬರ 'ಜಾತಿ ವಿನಾಶ' ಕೈಗೆ ಸಿಕ್ಕಿತು. ಅಲ್ಲಿ ಅವರು ಚಾತುರ್ವರ್ಣ್ಯವನ್ನೂ ಪ್ಲೇಟೋನನ್ನೂ ಒಟ್ಟಿಗೇ ನಿಲ್ಲಿಸಿ ಕೇಳ್ತಾರೆ: ಒಬ್ಬೊಬ್ಬ ಮನುಷ್ಯನೂ ಒಂದೊಂದು ಥರ ಇರುವಾಗ ಇಡೀ ಜನಸಮೂಹವನ್ನ ಮೂರು ನಾಲ್ಕು ಚೀಲಕ್ಕೆ ತುಂಬೋದಕ್ಕೆ ಆಗುತ್ತಾ ಅಂತ. ಪ್ಲೇಟೋ ಪರವಾಗಿ ಒಂದು ಮಾತು ಹೇಳಬೇಕು. ಈ ಲೋಹದ ಕಥೆ ಸುಳ್ಳು, ಊರು ನೆಟ್ಟಗಿರಲಿ ಅಂತ ಜನರಿಗೆ ಹೇಳಬೇಕಾದ ಸುಳ್ಳು ಅಂತ ಆತನ ಪುಸ್ತಕದಲ್ಲೇ ಬಾಯಿಬಿಟ್ಟು ಒಪ್ಪಿಕೊಳ್ತಾರೆ. ಕಬ್ಬಿಣದವನ ಮನೇಲಿ ಚಿನ್ನ ಹುಟ್ಟಿದ್ರೆ ಮೇಲಕ್ಕೆ ಕಳಿಸಿ ಅಂತಾನೂ ಇದೆ. ನಮ್ಮಲ್ಲಿ ಎರಡೂ ಇಲ್ಲ.

ಇಂಥ ಪುಸ್ತಕ ಯಾವುದೇ ಓದಿದ್ರೂ ನಾನು ಮೊದಲು ಹುಡುಕೋದು ಒಂದೇ. ಆ ಊರಲ್ಲಿ ಕಕ್ಕಸು ತೊಳೆಯೋರು ಯಾರು? ಸತ್ತ ದನ ಎಳೆಯೋರು ಯಾರು? ರಾಜ ಹೆಂಗಿರ್ತಾನೆ, ಶಿಕ್ಷಣ ಹೆಂಗಿರುತ್ತೆ ಅಂತ ಪುಟಗಟ್ಟಲೆ ಬರೆದಿರ್ತಾರೆ. ಈ ಪ್ರಶ್ನೆಗೆ ಉತ್ತರ ಎಲ್ಲೋ ಮೂಲೆಯಲ್ಲಿ ಅರ್ಧ ಸಾಲಲ್ಲಿ ಇರುತ್ತೆ, ಇಲ್ಲವೇ ಇರೋದೇ ಇಲ್ಲ.

'ಯುಟೋಪಿಯಾ' ಅನ್ನೋ ಪದ ಹುಟ್ಟಿದ್ದೇ 1516ರಲ್ಲಿ, ಇಂಗ್ಲೆಂಡಿನ ಥಾಮಸ್ ಮೋರ್ ಲ್ಯಾಟಿನ್‌ನಲ್ಲಿ ಬರೆದ ಪುಸ್ತಕದಿಂದ. ಒಂದು ದ್ವೀಪ. ಅಲ್ಲಿ ಖಾಸಗಿ ಆಸ್ತಿ ಇಲ್ಲ, ದಿನಕ್ಕೆ ಆರೇ ಗಂಟೆ ಕೆಲಸ, ಎಲ್ಲರೂ ಸಾಲು ಕೂತು ಒಟ್ಟಿಗೆ ಊಟ ಮಾಡ್ತಾರೆ, ಬಂಗಾರಕ್ಕೆ ಬೆಲೆ ಇಲ್ಲದಿರಲಿ ಅಂತ ಮೂತ್ರದ ಪಾತ್ರೆಯನ್ನೇ ಬಂಗಾರದಲ್ಲಿ ಮಾಡಿಸ್ತಾರೆ. ಓದ್ತಾ ಓದ್ತಾ ಖುಷಿ ಆಗುತ್ತೆ. ಹಂಗೇ ಮುಂದೆ ಹೋದ್ರೆ ಗುಲಾಮರು ಕಾಣಿಸ್ಕೊಳ್ತಾರೆ. ಆ ಸಹಭೋಜನದ ಮನೆಯಲ್ಲಿ ಭಾರದ ಕೆಲಸ, ಗಲೀಜು ಕೆಲಸ ಮಾಡೋರು ಗುಲಾಮರು. ಪ್ರಾಣಿ ಕೊಯ್ಯೋರೂ ಅವರೇ. ಅದೂ ಊರ ಒಳಗಲ್ಲ, ಊರಾಚೆ, ಹರಿಯೋ ನೀರಿನ ಹತ್ತಿರ ಕೊಯ್ದು, ರಕ್ತ ಕೊಳೆ ಎಲ್ಲ ತೊಳೆದು, ಮಾಂಸ ಮಾತ್ರ ಒಳಗೆ ತರಬೇಕು. ನಾಗರಿಕರು ಯಾಕೆ ಕೊಯ್ಯಬಾರದು ಅಂದ್ರೆ, ಕೊಯ್ದು ಕೊಯ್ದು ಅವರ ಮನಸ್ಸಿನ ಕರುಣೆ ಕಮ್ಮಿ ಆಗಿಬಿಡುತ್ತಂತೆ. ತಿನ್ನೋದಕ್ಕೆ ಮಾತ್ರ ತೊಂದರೆ ಇಲ್ಲ.

ನಾನು ಇದನ್ನ ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಊರಾಚೆ ಅನ್ನೋದು ನಮಗೆ ಭೂಗೋಳ ಅಲ್ಲ, ವಿಳಾಸ. ಇಂಗ್ಲೆಂಡಿನ ಆ ಯಪ್ಪನಿಗೆ ನಮ್ಮ ಹೊಲಗೇರಿ ಮಾದಿಗರ ಹಟ್ಟಿ ಏನು ಗೊತ್ತು? ಆದ್ರೂ ಸ್ವರ್ಗ ಕಟ್ಟಕ್ಕೆ ಕೂತವನಿಗೆ ಮೊದಲು ಹೊಳೆದ ನಕ್ಷೆ ನಮ್ಮ ಊರಿನದ್ದೇ. ಒಂದು ವ್ಯತ್ಯಾಸ ಇದೆ, ಅದನ್ನ ಮುಚ್ಚಿಡಬಾರದು. ಅಲ್ಲಿ ಗುಲಾಮನ ಮಗ ಹುಟ್ಟಿನಿಂದ ಗುಲಾಮ ಅಲ್ಲ.

ರಾಮರಾಜ್ಯದ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಶಂಬೂಕನ ತಲೆ ಬಿದ್ದ ಮೇಲೇನೇ ಅಲ್ಲಿ ಎಲ್ಲ ಸರಿಹೋಗೋದು. ಕುವೆಂಪು 'ಶೂದ್ರ ತಪಸ್ವಿ' ನಾಟಕದಲ್ಲಿ ಬಾಣವನ್ನ ದೂರು ಕೊಟ್ಟವನ ಕಡೆಗೇ ತಿರುಗಿಸಿದರು, ಅದಕ್ಕೆ ಮಾಸ್ತಿಯವರಂಥವರೂ ಆಕ್ಷೇಪ ಎತ್ತಿದರು. ಗೊತ್ತಿರೋ ಕಥೆ.

ಗಾಂಧೀಜಿಯ ಹಳ್ಳಿ ಬೇರೆ ವಿಷಯ. ಅಲ್ಲಿ ಉದ್ದೇಶ ಕೆಟ್ಟದ್ದು ಅಂತ ನಾನು ಹೇಳಲ್ಲ. ಅವರೇ ಪೊರಕೆ ಹಿಡಿದರು, ಆಶ್ರಮದಲ್ಲಿ ಕಕ್ಕಸು ತೊಳೆದರು. ಆದರೆ 1936ನೇ ಇಸವಿ ನೋಡಿ. ಅದೇ ವರ್ಷ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲ ಬಾಬಾಸಾಹೇಬರನ್ನ ಅಧ್ಯಕ್ಷ ಭಾಷಣಕ್ಕೆ ಕರೆದು, ಬರಹ ನೋಡಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿತು. ಅವರು ಸ್ವಂತ ದುಡ್ಡಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಜಾತಿಯನ್ನೇ ಕಿತ್ತುಹಾಕಬೇಕು, ನನ್ನ ಆದರ್ಶ ಸಮಾಜ ಸ್ವಾತಂತ್ರ್ಯ ಸಮಾನತೆ ಬಂಧುತ್ವದ ಮೇಲೆ ನಿಲ್ಲಬೇಕು ಅಂತ ಅದರಲ್ಲಿ ಬರೆದರು. ಅದೇ ವರ್ಷದ ಕೊನೆಗೆ ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಆದರ್ಶ ಭಂಗಿ ಹೇಗಿರಬೇಕು ಅಂತ ಲೇಖನ ಬರೆದರು. ಆ ಪದ ಅವರದ್ದು, ನನ್ನದಲ್ಲ. ಒಬ್ಬರು ಆದರ್ಶ ಸಮಾಜ ಹುಡುಕ್ತಿದ್ರು, ಇನ್ನೊಬ್ಬರು ಆದರ್ಶ ಜಾಡಮಾಲಿಯನ್ನ ಹುಡುಕ್ತಿದ್ರು.

ಕುವೆಂಪು ಅಭಿಮಾನಿಗಳು ಬೈಯ್ಯಬೇಡಿ, ನಾನೂ ಅಭಿಮಾನಿಯೇ. ಆದರೆ 'ಜಲಗಾರ' ಓದಿದಾಗಲೂ ನನಗೆ ಇದೇ ಕಸಿವಿಸಿ. ದೇವಸ್ಥಾನಕ್ಕೆ ಹೋಗದ ಜಲಗಾರನ ಮುಂದೆ ಶಿವನೇ ಜಲಗಾರನಾಗಿ ಬಂದು ನಿಲ್ತಾನೆ. ಕಣ್ಣು ತುಂಬಿ ಬರುತ್ತೆ, ನಿಜ. ಆದರೂ ಬೆಳಗ್ಗೆ ಎದ್ದು ಬೀದಿ ಗುಡಿಸೋನು ಅವನೇ. ಅದರ ಬದಲು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಮಾಡಿದ್ದು ನೋಡಿ. ತಲೆ ಮೇಲೆ ಮಲ ಹೊರೋದನ್ನೇ ರಾಜ್ಯದಲ್ಲಿ ನಿಷೇಧ ಮಾಡಿದರು. ಕೇಂದ್ರದ ಕಾನೂನು ಬಂದಿದ್ದು 1993ರಲ್ಲಿ, ಅದು ಸಾಲದು ಅಂತ ಮತ್ತೆ 2013ರಲ್ಲಿ ಇನ್ನೊಂದು. ಇವತ್ತಿಗೂ ಮ್ಯಾನ್‌ಹೋಲ್ ಒಳಗೆ ಇಳಿದವರು ಹೆಣವಾಗಿ ಮೇಲೆ ಬರ್ತಿದ್ದಾರೆ.

ಇನ್ನು ಕೆಳಗಿಂದ ಕಂಡ ಕನಸುಗಳಿಗೆ ಬರ್ತೀನಿ.

ಕಾಶಿಯ ಸಂತ ರವಿದಾಸರು ಚರ್ಮದ ಕೆಲಸದ ಮನೆತನದವರು. ಅವರ ಹಾಡುಗಳು ಸಿಖ್ಖರ ಗುರು ಗ್ರಂಥ ಸಾಹಿಬ್‌ನಲ್ಲಿ ಸೇರಿವೆ. ಅದರಲ್ಲೊಂದು ಬೇಗಂಪುರ ಅನ್ನೋ ಊರಿನ ಹಾಡು. 'ಬೇಗಂ' ಅಂದ ತಕ್ಷಣ ರಾಣಿ ಅಂದ್ಕೋಬೇಡಿ. ಗಮ್ ಅಂದರೆ ದುಃಖ, ಬೇ-ಗಮ್ ಅಂದರೆ ದುಃಖ ಇಲ್ಲದ ಊರು. ಆ ಹಾಡಲ್ಲಿ ಅರಮನೆ ಎಷ್ಟು ಎತ್ತರ, ರಾಜನ ಹೆಸರೇನು, ಚಿನ್ನ ಎಷ್ಟಿದೆ ಅನ್ನೋ ವಿವರ ಸಿಗಲ್ಲ. ಹೆಚ್ಚಿನದೆಲ್ಲ 'ಇಲ್ಲ'ಗಳ ಪಟ್ಟಿ. ಕಂದಾಯದ ಕಾಟ ಇಲ್ಲ, ಭಯ ಇಲ್ಲ, ಎರಡನೇ ದರ್ಜೆ ಮೂರನೇ ದರ್ಜೆ ಅಂತ ಯಾರೂ ಇಲ್ಲ. ಜನ ತಮಗೆ ಬೇಕಾದ ಕಡೆ ಓಡಾಡ್ತಾರೆ, ಯಾರೂ ತಡೆಯಲ್ಲ.

ಹುಡುಗರಿಗೆ ನಾನು ಹೇಳೋದು ಇದನ್ನೇ. 'ಬೇಡ ಬೇಡ' ಅನ್ನೋದು ಕನಸಿಲ್ಲದವರ ಮಾತಲ್ಲ. ಮೇಲೆ ಕೂತು ಆದರ್ಶ ಸಮಾಜ ಬರೆದವರಿಗೆಲ್ಲ ವ್ಯವಸ್ಥೆ ಬೇಕಿತ್ತು, ಯಾರು ಎಲ್ಲಿ ಕೂರಬೇಕು ಅನ್ನೋ ಪಟ್ಟಿ ಬೇಕಿತ್ತು. ರವಿದಾಸರಿಗೆ ಬೇಕಿದ್ದದ್ದು ತಡೆಯೋರು ಇಲ್ಲದ ಬೀದಿ. ದೊಡ್ಡ ಆಸೆ ಏನಲ್ಲ ಅನ್ನಿಸಬಹುದು. 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ನಮ್ಮ ಪುಟ್ಟ ಮಗು ಒಂದು ದೇವಸ್ಥಾನದ ಒಳಗೆ ಓಡಿಹೋಯ್ತು ಅಂತ ಆ ಮನೆಯವರಿಗೆ ದಂಡ ಹಾಕಿದ್ದು ನೆನಪಿದೆಯಲ್ಲ? ನಾನು ಈ ಊರಿಗೆ ವರ್ಗ ಆಗಿ ಬಂದಾಗ ಬಾಡಿಗೆ ಮನೆ ಹುಡುಕಿದೆ. ಓನರ್ ಹೆಂಗಸು ಅಡ್ವಾನ್ಸ್ ಮಾತಾಡಿ, ನೀರಿನ ಬಿಲ್ ಮಾತಾಡಿ, ಕೊನೆಗೆ "ನೀವು ಯಾವ ಜನ?" ಅಂದ್ರು. ಹೇಳಿದೆ. ಸಂಜೆ ಫೋನ್ ಬಂತು, ಮಗ ಬೆಂಗಳೂರಿಂದ ವಾಪಸ್ ಬರ್ತಿದ್ದಾನಂತೆ, ಮನೆ ಕೊಡಲ್ಲ ಅಂತ. ಆ ಮನೆಗೆ ಟು-ಲೆಟ್ ಬೋರ್ಡು ಇನ್ನೂ ಎರಡು ತಿಂಗಳು ನೇತಾಡ್ತಿತ್ತು.

ಗೇಲ್ ಆಮ್‌ವೆಟ್ ಅವರು ಜಾತಿ ವಿರೋಧಿ ಚಿಂತಕರ ಕನಸುಗಳ ಬಗ್ಗೆ 2008ರಲ್ಲಿ ಒಂದು ಪುಸ್ತಕ ತಂದರು, ಅದಕ್ಕೆ ಹೆಸರಿಟ್ಟಿದ್ದೇ ಬೇಗಂಪುರದ ಹುಡುಕಾಟ ಅಂತ. ಇಂಗ್ಲಿಷ್ ಓದೋರು ಓದಿ. ರವಿದಾಸರಿಂದ ಫುಲೆ, ಅಯೋತಿ ದಾಸ್, ಪೆರಿಯಾರ್, ಅಂಬೇಡ್ಕರ್ ತನಕ ಒಂದು ದಾರಿ ಇದೆ ಅಂತ ತೋರಿಸ್ತಾರೆ. ಹೆಣ್ಣುಮಕ್ಕಳು ಕಂಡದ್ದನ್ನೂ ಸೇರಿಸಿಕೊಳ್ಳಿ. ಬಂಗಾಳದ ರೊಕೆಯಾ ಬೇಗಂ 1905ರಲ್ಲೇ 'ಸುಲ್ತಾನಾಳ ಕನಸು' ಬರೆದರು. ಗಂಡಸರೆಲ್ಲ ಮನೆಯೊಳಗೆ ಸೂರ್ಯನ ಶಾಖದಲ್ಲಿ ಅಡುಗೆ ಮಾಡಿಕೊಂಡಿರ್ತಾರೆ, ಹೆಂಗಸರು ದೇಶ ನಡೆಸ್ತಾರೆ. ಪರದೆಯಲ್ಲಿ ಬೆಳೆದ ಹೆಣ್ಣುಮಗಳು ಹೊಗೆ ಇಲ್ಲದ ಅಡುಗೆಮನೆಯನ್ನ ಕಲ್ಪಿಸ್ಕೊಂಡರು. ಪ್ಲೇಟೋಗೆ ಒಲೆಯ ಹೊಗೆ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಜೋತಿಬಾ ಫುಲೆ ಕೊನೆಗಾಲದಲ್ಲಿ ಬರೆದ ಪುಸ್ತಕದಲ್ಲಿ ಒಂದು ಮನೆ ಬರುತ್ತೆ. ಅಲ್ಲಿ ಒಬ್ಬರು ಬೌದ್ಧರು, ಒಬ್ಬರು ಕ್ರೈಸ್ತರು, ಮಗಳು ಮುಸ್ಲಿಂ, ಮಗ ಸತ್ಯಧರ್ಮದವನು, ಎಲ್ಲರೂ ಜಗಳ ಇಲ್ಲದೆ ಒಂದೇ ಸೂರಿನಡಿ ಬಾಳಬಹುದು ಅಂತಾರೆ. ಈಗ ಅಂಥ ಮನೆ ಮೇಲೆ ಎಷ್ಟು ಕೇಸ್ ಬೀಳುತ್ತೆ ಅಂತ ನೀವೇ ಲೆಕ್ಕ ಹಾಕಿ. ಅದೇ ಫುಲೆ 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನ ಅಸ್ಪೃಶ್ಯರಿಗೆ ಬಿಟ್ಟುಕೊಟ್ಟವರು. ಬರೆಯೋದಕ್ಕಿಂತ ಎಷ್ಟೋ ವರ್ಷ ಮೊದಲೇ ಮಾಡಿದ್ದರು.

ಮಾಡಿದ್ದು ಅಂದ ಮೇಲೆ ಕಲ್ಯಾಣದ ಮಾತು ಬರಲೇಬೇಕು. ನಮ್ಮ ನೆಲದಲ್ಲಿ ಬರೀ ಬರೆಯದೆ, ಬದುಕಿ ನೋಡೋಕೆ ಹೊರಟ ದೊಡ್ಡ ಪ್ರಯತ್ನ ಅದು. 12ನೇ ಶತಮಾನ, ಬಿಜ್ಜಳನ ರಾಜಧಾನಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಡೋಹರ ಕಕ್ಕಯ್ಯ, ಸೂಳೆ ಸಂಕವ್ವೆ, ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆ. ಹೆಸರಿನ ಹಿಂದೇನೇ ಕಸುಬು ಅಂಟಿಸ್ಕೊಂಡು, ಅದನ್ನ ಅವಮಾನ ಅಂದ್ಕೊಳ್ಳದೆ ವಚನ ಬರೆದವರು. ಬ್ರಾಹ್ಮಣನಾಗಿ ಹುಟ್ಟಿದ ಬಸವಣ್ಣ ತನ್ನನ್ನ ಮಾದಾರ ಚೆನ್ನಯ್ಯನ, ಕಕ್ಕಯ್ಯನ ಬಳಗಕ್ಕೆ ಸೇರಿಸಿಕೊಂಡು ವಚನ ಬರೆದರು. ಮೋರ್‌ನ ದ್ವೀಪದಲ್ಲಿ ಗಲೀಜು ಕೆಲಸದವನಿಗೆ ಬಾಯಿ ಇಲ್ಲ. ಇಲ್ಲಿ ಅವನೇ ಮಾತಾಡ್ತಾನೆ, ಪ್ರಶ್ನೆ ಕೇಳ್ತಾನೆ.

ಆದರೆ ಕಲ್ಯಾಣ ಎಲ್ಲಿ ಸಿಡೀತು? ಕಾಯಕದಲ್ಲಿ ಸಿಡೀಲಿಲ್ಲ, ದಾಸೋಹದಲ್ಲಿ ಸಿಡೀಲಿಲ್ಲ. ಒಟ್ಟಿಗೆ ಕೂತು ಮಾತಾಡೋ ತನಕ ಬಿಜ್ಜಳನೂ ಸಹಿಸ್ಕೊಂಡ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನ ಕೊಟ್ಟಾಗ ಸಿಡೀತು. ಪರಂಪರೆ ಹೇಳೋ ಕಥೆ ಪ್ರಕಾರ ಇಬ್ಬರು ಬೀಗರನ್ನೂ ಆನೆ ಕಾಲಿಗೆ ಕಟ್ಟಿ ಎಳೆಸಿದರು. ಬಸವಣ್ಣ ಕೂಡಲಸಂಗಮಕ್ಕೆ, ಚೆನ್ನಬಸವಣ್ಣ ಮತ್ತೆ ಶರಣರು ಉಳವಿ ಕಡೆಗೆ. 1160ರ ದಶಕ ಮುಗಿಯೋದರೊಳಗೆ ಬಿಜ್ಜಳನೂ ಇಲ್ಲ, ಶರಣರ ಆ ಕಲ್ಯಾಣವೂ ಇಲ್ಲ. ಎಂಟು ನೂರು ವರ್ಷ ಆದಮೇಲೆ ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಬೆರಳಿಟ್ಟು ತೋರಿಸಿದ್ದೂ ಇದೇ ಜಾಗವನ್ನ. ಸಹಭೋಜನ ಸಾಲದು, ರಕ್ತ ಬೆರೆಯಬೇಕು, ಅದಕ್ಕೆ ಅಡ್ಡ ನಿಂತಿರೋ ಶಾಸ್ತ್ರದ ಮೇಲಿನ ನಂಬಿಕೆ ಹೋಗಬೇಕು.

2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ಆಯ್ತು. 2024ರಲ್ಲಿ ಸರ್ಕಾರ ಬಸವಣ್ಣನವರನ್ನ ಸಾಂಸ್ಕೃತಿಕ ನಾಯಕ ಅಂತ ಘೋಷಣೆ ಮಾಡಿತು. ಸಂತೋಷ, ಆಗಲಿ. ನಮ್ಮ ಕಚೇರಿಗೆ ಅಂತರ್ಜಾತಿ ಮದುವೆ ಪ್ರೋತ್ಸಾಹಧನದ ಅರ್ಜಿಗಳು ಬರ್ತವೆ. ಗುಮಾಸ್ತನಾದ ನನಗೆ ಅರ್ಜಿಗಿಂತ ಅದಕ್ಕೆ ಲಗತ್ತಿಸಿರೋ ಫೋಟೋ ನೋಡೋ ಚಾಳಿ. ಹಾರ ಹಾಕ್ಕೊಂಡ ಹುಡುಗ, ಹುಡುಗಿ, ಹಿಂದೆ ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆ, ಪಕ್ಕದಲ್ಲಿ ಸಾಕ್ಷಿ ಹಾಕಿದ ಇಬ್ಬರು ಸ್ನೇಹಿತರು. ಬೀಗರು ಇರಲ್ಲ. ಎರಡೂ ಕಡೆಯ ಬೀಗರು ನಿಂತಿರೋ ಫೋಟೋ ನನ್ನ ಸರ್ವೀಸಲ್ಲಿ ಬೆರಳಲ್ಲಿ ಎಣಿಸೋವಷ್ಟು ನೋಡಿದ್ದೀನಿ. ಹರಳಯ್ಯ ಮಧುವರಸ ಬೀಗರಾಗಿ ಪಕ್ಕದಲ್ಲೇ ನಿಂತಿದ್ದರು ಅನ್ನೋದು ನೆನಪಿರಲಿ.

ಇದನ್ನ ಬೇರೆಯವರಿಗೆ ಮಾತ್ರ ಹೇಳಿ ನಾವು ತಪ್ಪಿಸ್ಕೊಳ್ಳೋ ಹಂಗಿಲ್ಲ. ನಮ್ಮಲ್ಲೇ ಬಲಗೈ ಮನೆ, ಎಡಗೈ ಮನೆ ನಡುವೆ ಎಷ್ಟು ಮದುವೆ ಆಗಿವೆ? ಒಳಮೀಸಲಾತಿ ವಿಚಾರ ಬಂದಾಗ ನಮ್ಮ ಗ್ರೂಪುಗಳಲ್ಲೇ ಒಬ್ಬರನ್ನೊಬ್ಬರು ಬೈದುಕೊಂಡ ಭಾಷೆ ನಾನು ಓದಿದ್ದೀನಿ. ಲೆಕ್ಕ ಕೇಳೋದು ಹಕ್ಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಪಾಲು ಕೇಳಿದ ತಮ್ಮನನ್ನ ದ್ರೋಹಿ ಅನ್ನೋ ಅಣ್ಣನಿಗೆ ಬೇಗಂಪುರದ ಮಾತಾಡೋ ಯೋಗ್ಯತೆ ಇಲ್ಲ. ಬುದ್ಧನ ಸಂಘದ ಒಂದು ಕಥೆ ಇದೆ. ಶಾಕ್ಯ ರಾಜಕುಮಾರರು ಭಿಕ್ಷುಗಳಾಗೋಕೆ ಬಂದಾಗ, ಅವರ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಆಗಲಿ ಅಂತ ಅವರೇ ಕೇಳ್ಕೊಂಡರು. ಮೊದಲು ಸೇರಿದವನು ಹಿರಿಯ, ಆಗ ನಾವು ಅವನಿಗೆ ಕೈ ಮುಗಿಯಬೇಕಾಗುತ್ತೆ, ನಮ್ಮ ಶಾಕ್ಯ ಕುಲದ ಜಂಬ ಇಳಿಯುತ್ತೆ ಅಂತ. ನಮ್ಮ ಸಂಘಟನೆಗಳ ಪದಾಧಿಕಾರಿ ಪಟ್ಟಿ ಮಾಡುವಾಗ ಈ ಕಥೆ ಯಾರಿಗೂ ನೆನಪಾಗಲ್ಲ. ಹೆಣ್ಣುಮಕ್ಕಳಂತೂ ಸ್ವಾಗತ ಗೀತೆಗೆ ಮಾತ್ರ.

ಈಗ ಹುಡುಗರ ಪ್ರಶ್ನೆಗೆ ನೇರ ಉತ್ತರ. ನಮ್ಮ ಹತ್ರ ಚಿತ್ರ ಇದೆ, ಕಲಂ ಕಲಂ ಆಗಿ ಬರೆದಿಟ್ಟ ಚಿತ್ರ. 1947ರಲ್ಲಿ ಬಾಬಾಸಾಹೇಬರು ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಸಂವಿಧಾನ ಸಭೆಗೆ ಒಂದು ಮನವಿ ತಯಾರು ಮಾಡಿದರು. 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಅಂತ. ಅದರಲ್ಲಿ ಮುಖ್ಯ ಕೈಗಾರಿಕೆಗಳು ಸರ್ಕಾರದ್ದು, ವಿಮೆ ಸರ್ಕಾರದ್ದು, ಬೇಸಾಯವೇ ಸರ್ಕಾರಿ ಉದ್ಯಮ. ಜಮೀನನ್ನ ಜಾತಿ ನೋಡದೆ ಹಳ್ಳಿಯವರಿಗೆ ಹಂಚಿ, ಒಟ್ಟಾಗಿ ಉಳುಮೆ ಮಾಡಿಸಬೇಕು. ನೀರು, ಬೀಜ, ಗೊಬ್ಬರ, ಉಪಕರಣ ಸರ್ಕಾರ ಕೊಡಬೇಕು. ಜಮೀನ್ದಾರನೂ ಇರಬಾರದು, ಗೇಣಿದಾರನೂ ಇರಬಾರದು, ಭೂಮಿ ಇಲ್ಲದ ಕೂಲಿಯೂ ಇರಬಾರದು. ಸಾಮಾಜಿಕ ಬಹಿಷ್ಕಾರ ಹಾಕಿದರೆ ಅಪರಾಧ. ಇದನ್ನೆಲ್ಲ ಸಂವಿಧಾನದಲ್ಲೇ ಬರೆದುಬಿಡಬೇಕು, ಚುನಾವಣೆಯಲ್ಲಿ ಬಹುಮತ ಬಂದವರು ಬಂದು ಅಳಿಸೋ ಹಂಗಿರಬಾರದು ಅಂತ ಅವರ ವಾದ.

ಅದರಲ್ಲಿ ಇನ್ನೊಂದು ಬೇಡಿಕೆ ಇದೆ, ನಮ್ಮವರೇ ಜಾಸ್ತಿ ಮಾತಾಡಲ್ಲ. ದಲಿತರಿಗೆ ಪ್ರತ್ಯೇಕ ಹಳ್ಳಿಗಳು. ಸರ್ಕಾರವೇ ಆಯೋಗ ಮಾಡಿ, ಜಮೀನು ಹುಡುಕಿ, ಹೊಸ ನೆಲೆ ಕಟ್ಟಿಕೊಡಬೇಕು ಅಂತ. ಹಳ್ಳಿಯಲ್ಲಿ ಸವರ್ಣರ ಹೊಲಕ್ಕೆ ಕೂಲಿ ಹೋಗಿ ಅವರ ಅಂಗಡಿಯಲ್ಲೇ ಸಾಮಾನು ತರೋವರೆಗೂ ನಮ್ಮವರಿಗೆ ಬಿಡುಗಡೆ ಇಲ್ಲ ಅನ್ನೋದು ಅವರ ಲೆಕ್ಕ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗ್ಗೆ ಅವರು ಆಡಿದ ಕಟು ಮಾತಿಗೆ ಎಷ್ಟೋ ಸದಸ್ಯರು ಸಿಟ್ಟಾದರು. ಆ ಸಿಟ್ಟಾದವರಲ್ಲಿ ಹೆಚ್ಚಿನವರು ಊರಾಚೆ ಇದ್ದವರಲ್ಲ.

ಯಾಕೆ ಇದನ್ನ ಈಗ ಎತ್ತಿದೆ ಅಂದ್ರೆ, ನಮ್ಮ ಕಡೆಯ ಒಂದು ಹಳ್ಳಿಯ ವಿಚಾರ ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಹೆಸರು ಬೇಡ, ಕೇಸ್ ನಡೀತಿದೆ. ಗಲಾಟೆ ಆದಮೇಲೆ ನಮ್ಮವರಿಗೆ ಹೋಟೆಲಲ್ಲಿ ಟೀ ಇಲ್ಲ, ಕಟಿಂಗ್ ಶಾಪ್ ಬಾಗಿಲು ಹಾಕ್ಕೊಳ್ತಾರೆ, ಕೂಲಿಗೆ ಕರೆಯಲ್ಲ, ಡೈರಿಯಲ್ಲಿ ಹಾಲು ಹಾಕಿಸ್ಕೊಳ್ಳಲ್ಲ. ಶಾಂತಿ ಸಭೆ ಮೂರು ಸಲ ಆಯ್ತು. ಈಗ ಆ ಮನೆಗಳವರು ಕೇಳ್ತಿದ್ದಾರೆ: ನಮಗೆ ಗೋಮಾಳದಲ್ಲಿ ಬೇರೆ ಕಡೆ ಜಾಗ ಕೊಡಿ, ನಾವು ಹೊರಟುಹೋಗ್ತೀವಿ ಅಂತ.

ನಮ್ಮ ಸಂಘಟನೆಯೊಳಗೇ ಇದಕ್ಕೆ ಎರಡು ಅಭಿಪ್ರಾಯ. ಹಿರಿಯರೊಬ್ಬರು ಹೇಳಿದರು, "ಹೋದರೆ ಸೋತಂಗೆ ಆಯ್ತು ಕಣ್ರಪ್ಪ. ಊರು ನಮ್ಮಪ್ಪಂದೂ ಹೌದು. ಅಲ್ಲೇ ಇದ್ದು ಅಲ್ಲೇ ಟೀ ಕುಡೀಬೇಕು." ಅವರ ಮಾತಿನ ಮೇಲೆ ನನಗೆ ಗೌರವ ಇದೆ, ಅವರು ಕೆರೆ ನೀರು ಮುಟ್ಟಿ ಏಟು ತಿಂದ ತಲೆಮಾರು. ಆದರೆ ದಿನಾ ಬೆಳಗ್ಗೆ ಕೂಲಿಗೆ ನಾಲ್ಕು ಮೈಲಿ ದೂರದ ಊರಿಗೆ ನಡೆಯೋರು ಆ ಹೆಣ್ಣುಮಕ್ಕಳು, ನಾವಲ್ಲ. ಬಾಬಾಸಾಹೇಬರು ಎರಡನ್ನೂ ಕೇಳಿದ್ದರು. ಬಹಿಷ್ಕಾರ ಹಾಕಿದವರಿಗೆ ಶಿಕ್ಷೆಯನ್ನೂ ಕೇಳಿದ್ದರು, ಹೊಸ ನೆಲೆಯನ್ನೂ ಕೇಳಿದ್ದರು. ಒಂದಕ್ಕೆ ಇನ್ನೊಂದನ್ನ ಬಿಟ್ಟುಕೊಡಿ ಅಂತ ಅವರು ಹೇಳಿಲ್ಲ. ಹೋಗಬೇಕಾ ಇರಬೇಕಾ ಅಂತ ತೀರ್ಮಾನ ಮಾಡೋರು ಆ ಕೇರಿಯವರು. ನಾವು ಅವರ ಬೆನ್ನಿಗೆ ನಿಲ್ಲಬೇಕು. ಇದು ನನ್ನ ಅಭಿಪ್ರಾಯ, ಒಪ್ಪದವರು ಕಾಮೆಂಟಲ್ಲಿ ಬರೀರಿ, ಜಗಳ ಆಡೋಣ.

ಆದರೆ ಒಂದು ಎಚ್ಚರ. ಕಚೇರಿಯಲ್ಲಿ ಕೂತವನಾಗಿ ಹೇಳ್ತೀನಿ, 'ಪ್ರತ್ಯೇಕ' ಅಂದ ತಕ್ಷಣ ಸರ್ಕಾರಕ್ಕೆ ಅರ್ಥ ಆಗೋದು ಕಾಲೊನಿ ಒಂದೇ. ಊರ ಚರಂಡಿ ಹೋಗಿ ಸೇರೋ ಕಡೆ, 20 ಅಡಿ 30 ಅಡಿ ಸೈಟು, ತೋರಣದ ಕಮಾನು, ಮೇಲೆ ಬಾಬಾಸಾಹೇಬರ ಹೆಸರು. ಹಕ್ಕುಪತ್ರ ಇರುತ್ತೆ, ಅಲ್ಲಿಗೆ ಹೋಗೋಕೆ ದಾರಿ ಇರಲ್ಲ, ದಾರಿ ಇನ್ಯಾರದೋ ಪಟ್ಟಾ ಜಮೀನಿನ ಮೇಲೆ. ಸ್ಮಶಾನದ ಕಡತಗಳೂ ಹಿಂಗೇ, ಜಾಗ ಮಂಜೂರು, ಹೆಣ ಹೊತ್ತುಕೊಂಡು ಹೋಗೋಕೆ ಹಾದಿ ಇಲ್ಲ. ಕೂಲಿಗೆ ಮತ್ತೆ ಅದೇ ಗೌಡರ ಹೊಲಕ್ಕೆ ಹೋಗಬೇಕಾದ್ರೆ ಆ ಕಾಲೊನಿ ಕಟ್ಟಿ ಏನುಪಯೋಗ? ಬಾಬಾಸಾಹೇಬರ ಚಿತ್ರದಲ್ಲಿ ಮನೆಗಿಂತ ಮುಂಚೆ ಜಮೀನಿದೆ.

ಹಾಗಾಗಿ ಮೊನ್ನೆ ರಾತ್ರಿ ಕೂತು ಮನವಿ ತಿದ್ದಿದೆವು. ಮೊದಲ ಕರಡಲ್ಲಿ 'ನಿವೇಶನ ಮಂಜೂರು ಮಾಡಲು ಕೋರಿಕೆ' ಅಂತಷ್ಟೇ ಇತ್ತು. ಈಗ ನಿವೇಶನ, ಕುಟುಂಬಕ್ಕೆ ಎರಡು ಎಕರೆ ಸಾಗುವಳಿ ಜಮೀನು, ಸರ್ವೆ ನಕ್ಷೆಯಲ್ಲಿ ಗುರುತಿಸಿದ ಸಂಪರ್ಕ ರಸ್ತೆ, ಬೋರ್‌ವೆಲ್, ಸ್ಮಶಾನ, ಮತ್ತು ಬಹಿಷ್ಕಾರ ಹಾಕಿದವರ ಮೇಲೆ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಕ್ರಮ ಅಂತ ಆರೂ ಸೇರಿಸಿದ್ದೀವಿ. ಕೊನೆಗೆ ಆ ಕೇರಿಯ ಒಬ್ಬ ಅಕ್ಕ ಇನ್ನೊಂದು ಸಾಲು ಬರೆಸಿದರು: ಹೊಸ ಊರಲ್ಲಿ ಪ್ರತಿ ಮನೆಗೂ ಕಕ್ಕಸು, ಅದರ ಗುಂಡಿ ಖಾಲಿ ಮಾಡೋದಕ್ಕೆ ಪಂಚಾಯ್ತಿಯಿಂದ ಮಿಷನ್ನು, ಯಾವ ಮನುಷ್ಯನೂ ಇಳಿಯಬಾರದು ಅಂತ.

ಮಂಗಳವಾರ ಬೆಳಗ್ಗೆ 11ಕ್ಕೆ ಡಿಸಿ ಕಚೇರಿ ಮುಂದೆ ಸೇರ್ತಿದ್ದೀವಿ. ನಾನು ರಜೆ ಚೀಟಿ ಕೊಟ್ಟಿದ್ದೀನಿ. ಬರೋರು ಆ ಕೇರಿಯ ಹೆಣ್ಣುಮಕ್ಕಳು ಮುಂದಿನ ಸಾಲಲ್ಲಿ ನಿಲ್ಲೋ ಹಂಗೆ ಜಾಗ ಬಿಡಿ. ಮನವಿ ಓದೋರೂ ಅವರೇ.